ಹಾವು ಕಡಿತ: ಚಿಕಿತ್ಸೆ ಎಲ್ಲಿ ಹಳಿ ತಪ್ಪುತ್ತದೆ, ಪತ್ತೆ ಹಚ್ಚುವುದು ಹೇಗೆ

ಹಾವು ಕಡಿದವರನ್ನು ಕ್ಯಾಶುವಾಲ್ಟಿಗೆ ಕರೆತಂದ ಕೂಡಲೇ ಎಲ್ಲರೂ ಕೇಳುವುದು ‘ಯಾವ ಹಾವು?’ ಎಂದು. ಚಿಕಿತ್ಸೆಗೆ ತೀರಾ ಕಡಿಮೆ ಉಪಯೋಗಕ್ಕೆ ಬರುವ ಪ್ರಶ್ನೆಯೂ ಅದೇ. ಕತ್ತಲಲ್ಲಿ ಕಡಿದದ್ದನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ. ನೋಡಿದವರು ಹೇಳುವ ಹೆಸರೂ ಊರಿಂದೂರಿಗೆ ಬದಲಾಗುತ್ತದೆ. ನಮ್ಮಲ್ಲಿ ಸಿಗುವ ಪ್ರತಿವಿಷ, ಅಂದರೆ ಎಎಸ್‌ವಿ, ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಸೇರಿಸಿ ಮಾಡಿದ ಒಂದೇ ಔಷಧ. ಈ ನಾಲ್ಕರಲ್ಲಿ ಯಾವುದು ಕಡಿದಿದ್ದರೂ ಬಾಟಲಿ ಅದೇ. ಆದ್ದರಿಂದ ಹೆಸರಿಗಿಂತ ಎರಡು ಸಂಗತಿ ಮುಖ್ಯ: ರಕ್ತ ಹೆಪ್ಪುಗಟ್ಟುತ್ತಿದೆಯೇ, ಕಣ್ಣಿನ ರೆಪ್ಪೆ ಪೂರ್ತಿ ಮೇಲೇಳುತ್ತಿದೆಯೇ. ಹಾವಿನ ಗುರುತು ನಿಜವಾಗಿ ಬೇಕಾಗುವ ಒಂದು ಸಂದರ್ಭವೂ ಇದೆ, ಅದು ಮುಂದೆ ಬರುತ್ತದೆ.

ಪಿಎಚ್‌ಸಿ ಮತ್ತು ತಾಲ್ಲೂಕು ಆಸ್ಪತ್ರೆಯ ವೈದ್ಯರು, ಶುಶ್ರೂಷಾ ಅಧಿಕಾರಿಗಳು ಇದನ್ನು ಕೈಯಲ್ಲಿಟ್ಟುಕೊಂಡು ಕೆಲಸ ಮಾಡಲಿ ಎಂಬ ಉದ್ದೇಶದಿಂದ ಬರೆದದ್ದು. ಮನೆಯವರು ಓದುತ್ತಿದ್ದರೆ ನಿಮಗೆ ಬೇಕಾದದ್ದು ಮುಂದಿನ ಒಂದು ಪ್ಯಾರಾ ಮಾತ್ರ.

ಕಡಿದ ಕೈ ಅಥವಾ ಕಾಲನ್ನು ಮೂಳೆ ಮುರಿದಾಗ ಮಾಡುವಂತೆ ಪಟ್ಟಿಯಿಟ್ಟು ಅಲುಗದಂತೆ ಮಾಡಿ. ಉಂಗುರ, ಕಾಲುಂಗುರ, ಬಳೆ, ಗೆಜ್ಜೆ ಬಿಚ್ಚಿ. ಬಾವು ಬಂದ ಮೇಲೆ ಅವು ಬರುವುದಿಲ್ಲ, ಬೆರಳನ್ನೇ ಕೊಲ್ಲುತ್ತವೆ. ಹಗ್ಗ, ವೇಲು, ಸೈಕಲ್ ಟ್ಯೂಬು ಬಿಗಿಯಬೇಡಿ. ಕೊಯ್ಯಬೇಡಿ, ಹೀರಬೇಡಿ, ವಿಷಕಲ್ಲು ಇಡಬೇಡಿ, ಐಸ್ ಇಡಬೇಡಿ. ರೋಗಿಯನ್ನು ನಡೆಸದೆ, ಓಡಿಸದೆ 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಎಎಸ್‌ವಿ ಇರುವ ಆಸ್ಪತ್ರೆಗೆ ಹೊರಡಿ. ವಾಂತಿ ಬರುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಹಾವನ್ನು ಹುಡುಕಿ ಕೊಂದು ತರುವ ಕೆಲಸ ಬೇಡ. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಡಿಯಬಲ್ಲದು. ದೂರದಿಂದ ಮೊಬೈಲಿನಲ್ಲಿ ಒಂದು ಫೋಟೊ ಸಿಕ್ಕರೆ ಸಾಕು.

ಮೊದಲ ತಪ್ಪು: ಇದು ಹಾವು ಎಂದೇ ಗೊತ್ತಾಗದಿರುವುದು

ರಾತ್ರಿ ಹೊತ್ತು ಹಾವಿನ ಹೆಸರೆತ್ತಬಾರದೆಂಬ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ‘ಹುಳ ಮುಟ್ಟಿದೆ’ ಎಂದು ಅಜ್ಜಿ ಹೇಳಿದರೆ ಊರಿನವರಿಗೆ ಅರ್ಥವಾಗುತ್ತದೆ. ಹೊಸದಾಗಿ ಪೋಸ್ಟಿಂಗ್‌ಗೆ ಬಂದ ಡಾಕ್ಟರು ಚೇಳೋ ಜರಿಯೋ ಇರಬೇಕೆಂದು ಅಲರ್ಜಿಗೆ ಕೊಡುವ ಅವಿಲ್ ಚುಚ್ಚಿ ಕಳಿಸಿಬಿಡಬಹುದು. ‘ಹುಳ’ ಎಂದ ಕೂಡಲೇ ‘ಬಳ್ಳಿಯಂಥದ್ದಾ?’ ಎಂದು ಮರುಪ್ರಶ್ನೆ ಹಾಕಿ.

ಇದಕ್ಕಿಂತ ಅಪಾಯಕಾರಿ ಕಟ್ಟುಹಾವು, ಕರಾವಳಿಯವರು ಕಡಂಬಳ ಎನ್ನುವುದು. ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ನಿದ್ದೆಯಲ್ಲಿ ಕಡಿಯುತ್ತದೆ. ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದು ಕೂರುತ್ತಾರೆ, ವಾಂತಿಯಾಗುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಎನ್ನುತ್ತಾರೆ. ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಆಗುತ್ತದೆ. ಒಂದೆರಡು ಗಂಟೆಯಲ್ಲಿ ರೆಪ್ಪೆ ಜೋತುಬಿದ್ದು ಮಾತು ತೊದಲಿದಾಗ ಲಕ್ವ ಹೊಡೆದಿದೆ ಎಂದು ಸ್ಕ್ಯಾನಿಂಗ್‌ಗೆ ಓಡಿಸುತ್ತಾರೆ.

ಲಕ್ವದಲ್ಲಿ ಸಾಮಾನ್ಯವಾಗಿ ಒಂದು ಪಕ್ಕ ಬೀಳುತ್ತದೆ. ವಿಷದ ಪಾರ್ಶ್ವವಾಯು ಎರಡೂ ಪಕ್ಕ ಸಮನಾಗಿ, ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ: ಮೊದಲು ಎರಡೂ ರೆಪ್ಪೆ, ಆಮೇಲೆ ಎರಡೆರಡಾಗಿ ಕಾಣುವುದು, ನುಂಗಲಾಗದಿರುವುದು, ಕತ್ತು ನಿಲ್ಲದಿರುವುದು, ಕೊನೆಗೆ ಉಸಿರು. ಗಿಯಾನ್ ಬರೇ ಕಾಯಿಲೆ ಸಾಮಾನ್ಯವಾಗಿ ಕಾಲಿನಿಂದ ಮೇಲಕ್ಕೆ ಹತ್ತುತ್ತದೆ, ಅದಕ್ಕೆ ದಿನಗಳು ಹಿಡಿಯುತ್ತವೆ. ಮಳೆಗಾಲದಲ್ಲಿ, ನಸುಕಿನಲ್ಲಿ, ನೆಲದ ಮೇಲೆ ಮಲಗಿದ್ದ ಮನುಷ್ಯನಿಗೆ ಹೊಟ್ಟೆನೋವಿನ ಜತೆ ಎರಡೂ ರೆಪ್ಪೆ ಇಳಿದಿದ್ದರೆ, ಬೇರೆ ಕಾರಣ ಸಾಬೀತಾಗುವವರೆಗೆ ಅದು ಕಟ್ಟುಹಾವು. ಕಡಿತದ ಗುರುತು ಸಿಗಲಿಲ್ಲವೆಂದು ಎಎಸ್‌ವಿ ತಡೆಹಿಡಿಯಬೇಡಿ.

ಗಾಜಿನ ಕೊಳವೆ ಸುಳ್ಳು ಹೇಳುವುದು ಯಾವಾಗ

ಮಂಡಲಗಳ ವಿಷ ರಕ್ತದಲ್ಲಿರುವ ಹೆಪ್ಪುಗಟ್ಟಿಸುವ ಅಂಶಗಳನ್ನು ಖರ್ಚು ಮಾಡಿ ಬರಿದು ಮಾಡುತ್ತದೆ. ಇದನ್ನು ಪತ್ತೆ ಮಾಡಲು ಲ್ಯಾಬ್ ಬೇಡ. ಹೊಸ, ಸ್ವಚ್ಛ, ಒಣ ಗಾಜಿನ ಟೆಸ್ಟ್ ಟ್ಯೂಬ್ ಸಾಕು. ರಕ್ತನಾಳದಿಂದ ಆಗಷ್ಟೇ ತೆಗೆದ 2 ಮಿ.ಲೀ. ರಕ್ತ ಹಾಕಿ, ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ, 20 ನಿಮಿಷ ಮುಟ್ಟದೆ ಬಿಟ್ಟು, ಆಮೇಲೆ ಒಂದೇ ಒಂದು ಸಲ ಓರೆ ಮಾಡಿ. ರಕ್ತ ನೀರಿನಂತೆ ಹರಿದರೆ ವಿಷ ಏರಿದೆ, ಎಎಸ್‌ವಿ ಬೇಕು. ಗಟ್ಟಿಯಾಗಿ ನಿಂತರೆ ಸದ್ಯಕ್ಕೆ ಇಲ್ಲ. ‘ಸದ್ಯಕ್ಕೆ’ ಎಂಬ ಪದ ಮುಖ್ಯ.

ಇಷ್ಟು ಸರಳವಾದ ಪರೀಕ್ಷೆ ದಾರಿ ತಪ್ಪಿಸುವುದು ಹೆಚ್ಚಾಗಿ ಟ್ಯೂಬಿನಿಂದ. ರಕ್ತ ಹೆಪ್ಪುಗಟ್ಟುವ ಸರಪಳಿಗೆ ಮೊದಲ ಚಾಲನೆ ಕೊಡುವುದು ಗಾಜಿನ ಮೇಲ್ಮೈ. ಪ್ಲಾಸ್ಟಿಕ್ ಟ್ಯೂಬಿನಲ್ಲೋ ಸಿರಿಂಜಿನಲ್ಲೇ ಬಿಟ್ಟೋ ನೋಡಿದರೆ ಆರೋಗ್ಯವಂತನ ರಕ್ತವೂ 20 ನಿಮಿಷಕ್ಕೆ ಗಟ್ಟಿಯಾಗದಿರಬಹುದು. ಸೋಪಿನ ಪುಡಿಯಲ್ಲಿ ತೊಳೆದು ಮತ್ತೆ ಬಳಸಿದ ಗಾಜಿನದೂ ಅಷ್ಟೇ, ಸೋಪಿನ ಪದರ ಗಾಜಿನ ಗುಣವನ್ನು ಮುಚ್ಚಿಬಿಡುತ್ತದೆ. ನೇರಳೆ ಅಥವಾ ನೀಲಿ ಮುಚ್ಚಳದ ಲ್ಯಾಬ್ ಟ್ಯೂಬಿನಲ್ಲಿ ಹೆಪ್ಪು ತಡೆಯುವ ರಾಸಾಯನಿಕವೇ ಇರುತ್ತದೆ. ಈ ಮೂರರಲ್ಲಿ ಯಾವುದಾದರೂ ಆದರೆ ವಿಷವೇ ಏರದ ರೋಗಿಗೆ ಸುಮ್ಮನೆ ಹತ್ತು ವಯಲ್ (ಔಷಧದ ಪುಟ್ಟ ಬಾಟಲಿ) ಎಎಸ್‌ವಿ ಹೋಗುತ್ತದೆ, ಅದರ ಅಲರ್ಜಿಯ ಅಪಾಯವೂ ಜತೆಗೆ ಹೋಗುತ್ತದೆ. ಐದು ನಿಮಿಷಕ್ಕೊಮ್ಮೆ ಎತ್ತಿ ನೋಡುವ ಚಟವೂ ಫಲಿತಾಂಶವನ್ನು ಕೆಡಿಸುತ್ತದೆ.

ಅನುಮಾನ ಬಂದರೆ ದಾರಿ ಸುಲಭ. ಜತೆಗೆ ಬಂದ ಆರೋಗ್ಯವಂತ ಸಂಬಂಧಿಯೊಬ್ಬರ 2 ಮಿ.ಲೀ. ರಕ್ತವನ್ನು ಅದೇ ಪೆಟ್ಟಿಗೆಯ ಇನ್ನೊಂದು ಟ್ಯೂಬಿನಲ್ಲಿ ಪಕ್ಕದಲ್ಲೇ ನಿಲ್ಲಿಸಿ. ಅದೂ ಹರಿದರೆ ದೋಷ ಟ್ಯೂಬಿನದು. ಅದು ಗಟ್ಟಿಯಾಗಿ ರೋಗಿಯದು ಮಾತ್ರ ಹರಿದರೆ ಇನ್ನು ಚರ್ಚೆ ಬೇಡ.

ಇದಕ್ಕೆ ವಿರುದ್ಧ ತಪ್ಪೂ ಇದೆ. ಕಡಿದ ಅರ್ಧ ಗಂಟೆಯೊಳಗೇ ಬಂದವರಲ್ಲಿ ಹೆಪ್ಪಿನ ಅಂಶಗಳು ಇನ್ನೂ ಪೂರ್ತಿ ಖಾಲಿಯಾಗಿರುವುದಿಲ್ಲ, ಮೊದಲ ಟ್ಯೂಬ್ ಗಟ್ಟಿಯಾಗುತ್ತದೆ. ‘ನಾರ್ಮಲ್’ ಎಂದು ಬರೆದು ಮನೆಗೆ ಕಳಿಸಿದರೆ ರಾತ್ರಿ ವಸಡಿನಲ್ಲಿ ರಕ್ತ ಒಸರುತ್ತಾ ವಾಪಸ್ ಬರುತ್ತಾರೆ. ಮೊದಲ ಮೂರು ಗಂಟೆ ಗಂಟೆಗೊಮ್ಮೆ, ಆಮೇಲೆ 24 ಗಂಟೆಯವರೆಗೆ ಆರು ಗಂಟೆಗೊಮ್ಮೆ ಪರೀಕ್ಷೆ ಮಾಡಿ. ಕಡಿತದ ಅನುಮಾನವಿರುವ ಯಾರನ್ನೂ 24 ಗಂಟೆಗೆ ಮುಂಚೆ ಕಳಿಸಬೇಡಿ. ಕೊಳವೆ ನಾರ್ಮಲ್ ಇದ್ದ ಮಾತ್ರಕ್ಕೆ ನಾಗರಹಾವು, ಕಟ್ಟುಹಾವು ಅಲ್ಲವೆಂದೂ ಆಗುವುದಿಲ್ಲ. ಅವು ಕೆಡಿಸುವುದು ನರ ಮತ್ತು ಸ್ನಾಯು ಕೂಡುವ ಜಾಗವನ್ನು, ರಕ್ತವನ್ನಲ್ಲ.

ಯಾರಿಗೆ ಕೊಡಬೇಕು, ಎಷ್ಟು

ಕಡಿತದ ಗುರುತು ಇದೆ ಎಂಬ ಒಂದೇ ಕಾರಣಕ್ಕೆ ಎಎಸ್‌ವಿ ಕೊಡುವಂತಿಲ್ಲ. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಡಿಯುತ್ತದೆ. ಕೊಡಬೇಕಾದದ್ದು ಮುಖ್ಯವಾಗಿ ಮೂರು ಸಂದರ್ಭದಲ್ಲಿ: ರಕ್ತ ಹೆಪ್ಪುಗಟ್ಟದಿದ್ದಾಗ ಅಥವಾ ಎಲ್ಲಿಂದಾದರೂ ತಾನಾಗಿ ರಕ್ತ ಒಸರುತ್ತಿದ್ದಾಗ, ರೆಪ್ಪೆ ಇಳಿಯುವುದೇ ಮೊದಲಾದ ನರದ ಲಕ್ಷಣ ಕಂಡಾಗ, ಬಿಗಿದ ಕಟ್ಟು ಇಲ್ಲದಿದ್ದರೂ ಬಾವು ಕೀಲು ದಾಟಿ ಅರ್ಧ ಕೈಯೋ ಅರ್ಧ ಕಾಲೋ ಹಬ್ಬಿದಾಗ.

ಮೊದಲ ಡೋಸ್ 10 ವಯಲ್. ಈ ಅಂಕಿ ಎಲ್ಲಿಂದ ಬಂತು ಎಂದು ಗೊತ್ತಿದ್ದರೆ ಕೈ ನಡುಗುವುದಿಲ್ಲ. ಕೊಳಕುಮಂಡಲ ಒಂದು ಕಡಿತದಲ್ಲಿ ಸರಾಸರಿ 63 ಮಿ.ಗ್ರಾಂ. ವಿಷ ಬಿಡುತ್ತದೆ. ಎಎಸ್‌ವಿಯ ಒಂದು ಮಿ.ಲೀ. ಅದರ 0.6 ಮಿ.ಗ್ರಾಂ. ವಿಷವನ್ನು ನಿಷ್ಕ್ರಿಯಗೊಳಿಸುತ್ತದೆ; ಅಂದರೆ 10 ಮಿ.ಲೀ.ಯ ಒಂದು ವಯಲ್‌ಗೆ 6 ಮಿ.ಗ್ರಾಂ., ಹತ್ತು ವಯಲ್‌ಗೆ 60. ಎರಡು ವಯಲ್ ಹಾಕಿ ‘ನೋಡೋಣ’ ಎನ್ನುವುದು ಔಷಧವನ್ನೂ ಸಮಯವನ್ನೂ ಪೋಲು ಮಾಡಿದಂತೆ. ಮಗುವಿಗೆ ಅರ್ಧ ಡೋಸ್ ಕೊಡುವುದು ಇನ್ನೊಂದು ಹಳೆಯ ತಪ್ಪು. ಹಾವು ಮಗುವೆಂದು ನೋಡಿ ಕಡಿಮೆ ವಿಷ ಬಿಡುವುದಿಲ್ಲ. ಮಗುವಿಗೂ, ಬಸುರಿಗೂ ಹತ್ತೇ. ಮಗುವಿನಲ್ಲಿ ಕಡಿಮೆ ಮಾಡಬೇಕಾದದ್ದು ಬೆರೆಸುವ ಸಲೈನ್ ಮಾತ್ರ, ತೂಕದ ಪ್ರತಿ ಕೆ.ಜಿ.ಗೆ 5ರಿಂದ 10 ಮಿ.ಲೀ.

ಪುಡಿಯ ವಯಲ್‌ಗೆ 10 ಮಿ.ಲೀ. ಸ್ಟೆರೈಲ್ ವಾಟರ್ ಹಾಕಿ ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿ, ಕುಲುಕಬೇಡಿ. ಕುಲುಕಿದರೆ ನೊರೆ ಬಂದು ಪ್ರೋಟೀನ್ ಕೆಡುತ್ತದೆ, ನೊರೆಯಲ್ಲಿ ಸಿಕ್ಕಿಕೊಂಡದ್ದು ಸಿರಿಂಜಿಗೂ ಬರುವುದಿಲ್ಲ. ಕೆಲವು ಬ್ಯಾಚಿನ ಪುಡಿ ಕರಗಲು ಹತ್ತು ನಿಮಿಷವೂ ಹಿಡಿಯುತ್ತದೆ. ಹತ್ತೂ ಕರಗಲಿ ಎಂದು ಕಾಯದೆ ಇಬ್ಬರು ಕೂತು ಕರಗಿಸುತ್ತಾ, ಕರಗಿದ್ದನ್ನು ನಾರ್ಮಲ್ ಸಲೈನ್‌ಗೆ ಸೇರಿಸಿ ಡ್ರಿಪ್ ಶುರು ಮಾಡಿಬಿಡಿ. ಮೊದಲ ಹತ್ತು ಹದಿನೈದು ನಿಮಿಷ ನಿಧಾನ, ತೊಂದರೆ ಕಾಣದಿದ್ದರೆ ವೇಗ ಹೆಚ್ಚಿಸಿ ಒಟ್ಟು ಅರ್ಧದಿಂದ ಒಂದು ಗಂಟೆಯೊಳಗೆ ಮುಗಿಸಿ. ಕಡಿದ ಜಾಗದ ಸುತ್ತ ಎಎಸ್‌ವಿ ಚುಚ್ಚುವುದರಿಂದ ಪ್ರಯೋಜನವಿಲ್ಲ. ಬಿಗಿದ ಬೆರಳಿನೊಳಗೆ ಒತ್ತಡ ಏರಿಸಿ ಕೆಡುಕನ್ನೇ ಮಾಡುತ್ತದೆ. ಟೆಸ್ಟ್ ಡೋಸ್ ಬೇಡವೇ ಬೇಡ. ಯಾರಿಗೆ ಅಲರ್ಜಿ ಆಗುತ್ತದೆ ಎಂಬುದನ್ನು ಅದು ಹೇಳಲಾರದು.

ಮಂಡಲದ ಕಡಿತದ ಅನುಮಾನವಿದ್ದರೆ ಸೊಂಟಕ್ಕೆ, ತೋಳಿಗೆ ನೋವಿನ ಇಂಜೆಕ್ಷನ್ ಚುಚ್ಚಬೇಡಿ. ಹೆಪ್ಪುಗಟ್ಟದ ರಕ್ತ ಸ್ನಾಯುವಿನೊಳಗೇ ತುಂಬಿಕೊಳ್ಳುತ್ತದೆ. ನೋವಿಗೆ ಪ್ಯಾರಸಿಟಮಾಲ್. ಡೈಕ್ಲೋಫೆನಾಕ್ ರಕ್ತಕ್ಕೂ ಕಿಡ್ನಿಗೂ ಕೇಡು. ಟಿಟಿ ಕೊಡಲೇಬೇಕು, ಆದರೆ ಕೊಳವೆ ನಾರ್ಮಲ್ ಆದ ಮೇಲೆ.

ಕಟ್ಟು ಬಿಗಿದುಕೊಂಡೇ ಬಂದಿದ್ದರೆ

ಬಾಗಿಲಲ್ಲೇ ಕತ್ತರಿ ಹಾಕಬೇಡಿ. ಕಟ್ಟಿನ ಕೆಳಗೆ ನಿಂತ ವಿಷ ಒಮ್ಮೆಗೇ ನುಗ್ಗಿ ಕೆಲವರಲ್ಲಿ ಉಸಿರು ನಿಲ್ಲುತ್ತದೆ, ಬಿಪಿ ಕುಸಿಯುತ್ತದೆ. ಮೊದಲು ಇನ್ನೊಂದು ಕೈಗೆ ಐವಿ ಲೈನ್ ಹಾಕಿ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಪಕ್ಕದಲ್ಲಿಟ್ಟುಕೊಂಡು, ವಿಷದ ಲಕ್ಷಣವಿದ್ದರೆ ಎಎಸ್‌ವಿ ಶುರು ಮಾಡಿ. ಆಮೇಲೆ ಕಟ್ಟಿನ ಮೇಲ್ಭಾಗದಲ್ಲಿ ಬಿಪಿ ಕಫ್ ಸುತ್ತಿ ಗಾಳಿ ತುಂಬಿ, ಹಗ್ಗ ತೆಗೆದು, ಕಫ್‌ನ ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿ. ಬೆರಳು ನೀಲಿಯಾಗಿ ನಾಡಿ ಸಿಗದಿದ್ದರೆ ಈ ಕೆಲಸವನ್ನು ಬೇಗ ಮಾಡಬೇಕು, ಬಿಟ್ಟುಬಿಡುವಂತಿಲ್ಲ.

ಡ್ರಿಪ್ ಶುರುವಾದ ಹತ್ತು ನಿಮಿಷಕ್ಕೆ ತುರಿಕೆ, ಕೆಮ್ಮು, ವಾಂತಿ

ಎಎಸ್‌ವಿ ಕುದುರೆಯ ರಕ್ತದಿಂದ ಮಾಡಿದ್ದು, ಅಲರ್ಜಿ ಅಪರೂಪವಲ್ಲ. ಡ್ರಿಪ್ ಹಾಕುವ ಮೊದಲೇ ಅಡ್ರಿನಲಿನ್ ಸಿರಿಂಜಿಗೆ ಎಳೆದು ಹೆಸರು ಬರೆದಿಟ್ಟಿರಬೇಕು. ಮೈಮೇಲೆ ಒಂದೇ ಒಂದು ದದ್ದು ಕಂಡರೂ, ಕಾರಣವಿಲ್ಲದ ಒಣಕೆಮ್ಮು ಬಂದರೂ ಡ್ರಿಪ್ ನಿಲ್ಲಿಸಿ, 1 ಮಿ.ಲೀ. ಆಂಪೂಲಿನ ಅರ್ಧ, ಅಂದರೆ 0.5 ಮಿ.ಗ್ರಾಂ. ಅಡ್ರಿನಲಿನ್ ಅನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡಿ. ಸ್ನಾಯುವಿಗೆ ಚುಚ್ಚಬಾರದೆಂಬ ಮಾತಿಗೆ ಇದೊಂದೇ ಅಪವಾದ. ಮಕ್ಕಳಿಗೆ ಕೆ.ಜಿ.ಗೆ 0.01 ಮಿ.ಗ್ರಾಂ. ಐದು ಹತ್ತು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಬಿಪಿ ಬಿದ್ದಿದ್ದರೆ ಸಲೈನ್ ಓಡಿಸಿ.

ಇಲ್ಲಿ ಆಗುವ ದೊಡ್ಡ ತಪ್ಪು ಅವಿಲ್, ಹೈಡ್ರೋಕಾರ್ಟಿಸೋನ್ ಮೊದಲು ಕೊಟ್ಟು ಅಡ್ರಿನಲಿನ್‌ಗೆ ಹಿಂಜರಿಯುವುದು. ಅವೆರಡೂ ನಿಧಾನದ ಔಷಧಗಳು, ಮುಚ್ಚುತ್ತಿರುವ ಶ್ವಾಸನಾಳವನ್ನು ತೆರೆಯಲಾರವು. ಇನ್ನೊಂದು ತಪ್ಪು, ಅಲರ್ಜಿ ಆಯಿತೆಂದು ಎಎಸ್‌ವಿಯನ್ನೇ ಕೈಬಿಡುವುದು. ವಿಷ ಇನ್ನೂ ಒಳಗಿದೆ, ಅದಕ್ಕೆ ಬೇರೆ ಮದ್ದಿಲ್ಲ. ಲಕ್ಷಣ ಇಳಿದ ಮೇಲೆ ನಿಧಾನ ವೇಗದಲ್ಲಿ ಅದೇ ಬಾಟಲಿ ಮುಂದುವರಿಸಿ. ಗಂಟೆ ಎರಡು ಗಂಟೆ ಕಳೆದ ಮೇಲೆ ಚಳಿ ನಡುಕ ಜ್ವರ ಬಂದರೆ ಅದು ಬೇರೆ ಬಗೆ, ಬ್ಯಾಚಿನ ಕಶ್ಮಲದಿಂದ ಬರುವುದು. ಪ್ಯಾರಸಿಟಮಾಲ್, ಹೊದಿಕೆ, ನಿಧಾನಗೊಳಿಸಿದ ಡ್ರಿಪ್ ಸಾಕು.

ಎಎಸ್‌ವಿ ಮುಗಿಯಿತು, ರಕ್ತ ಇನ್ನೂ ಹರಿಯುತ್ತಿದೆ

ಅತಿ ಹೆಚ್ಚು ವಯಲ್ ವ್ಯರ್ಥವಾಗುವುದು ಇಲ್ಲಿ. ಮೊದಲು ಗಡಿಯಾರ ನೋಡಿ. ಎಎಸ್‌ವಿ ವಿಷವನ್ನು ಕಟ್ಟಿಹಾಕುತ್ತದೆಯೇ ಹೊರತು ಖರ್ಚಾದ ಹೆಪ್ಪಿನ ಅಂಶಗಳನ್ನು ತಂದುಕೊಡುವುದಿಲ್ಲ. ಅವನ್ನು ಪಿತ್ತಜನಕಾಂಗ ಹೊಸದಾಗಿ ತಯಾರಿಸಬೇಕು, ಅದಕ್ಕೆ ಸುಮಾರು ಆರು ಗಂಟೆ ಬೇಕು. ಡೋಸ್ ಮುಗಿದ ಒಂದು ಗಂಟೆಗೆ ಪರೀಕ್ಷೆ ಮಾಡಿ, ಹರಿಯಿತೆಂದು ಇನ್ನೊಂದು ಹತ್ತು, ಮತ್ತೊಂದು ಗಂಟೆಗೆ ಇನ್ನೊಂದು ಹತ್ತು ಹಾಕಿದರೆ, ಔಷಧ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವ ಮೊದಲೇ ಫ್ರಿಜ್ ಖಾಲಿ. ಆರು ಗಂಟೆ ಬಿಟ್ಟು ನೋಡಿ. ಆಗಲೂ ಹರಿದರೆ 5ರಿಂದ 10 ವಯಲ್ ಮತ್ತೆ ಕೊಡಿ, ಮತ್ತೆ ಆರು ಗಂಟೆ. ಒಟ್ಟು 30 ವಯಲ್ ದಾಟಬೇಕಾಗಿ ಬಂದರೆ ಔಷಧದ ಪ್ರಮಾಣ ಸಾಲಲಿಲ್ಲ ಎನ್ನುವುದಕ್ಕಿಂತ ಬೇರೆಲ್ಲೋ ತಪ್ಪಿದೆ ಎಂದೇ ಯೋಚಿಸಿ.

ಹುಡುಕಬೇಕಾದ ಕ್ರಮ ಹೀಗೆ. ಟ್ಯೂಬ್ ಗಾಜಿನದೇ, ಜತೆಗಾರರ ರಕ್ತ ಗಟ್ಟಿಯಾಯಿತೇ. ವಯಲ್‌ನ ಅವಧಿ ಮುಗಿದಿತ್ತೇ, ದ್ರವರೂಪದ್ದಾದರೆ 2ರಿಂದ 8 ಡಿಗ್ರಿಯಲ್ಲಿ ಇತ್ತೇ. ಬಾವು ದೊಡ್ಡದಿದ್ದರೆ ಅಲ್ಲಿ ಶೇಖರವಾದ ವಿಷ ನಿಧಾನವಾಗಿ ರಕ್ತಕ್ಕೆ ಇಳಿಯುತ್ತಿರಬಹುದು. ಒಮ್ಮೆ ಗಟ್ಟಿಯಾದ ರಕ್ತ ಮರುದಿನ ಮತ್ತೆ ಹರಿಯಲು ಇದೇ ಕಾರಣ. ಈ ಮೂರೂ ಅಲ್ಲದಿದ್ದರೆ ಆಗ ಕೇಳಬೇಕು, ‘ಯಾವ ಹಾವು?’

ಮಲೆನಾಡು, ಕೊಡಗು, ಪಶ್ಚಿಮಘಟ್ಟದ ತಪ್ಪಲಿನ ಅಡಿಕೆ ಕಾಫಿ ತೋಟಗಳಲ್ಲಿ ತರಗೆಲೆಯ ನಡುವೆ ಒಂದು ಗಿಡ್ಡ ಹಾವಿದೆ. ಮೊಳದುದ್ದ ಇದ್ದರೆ ಹೆಚ್ಚು, ತ್ರಿಕೋನದ ತಲೆ, ಮೂತಿಯ ತುದಿ ಮೇಲಕ್ಕೆ ಚಿವುಟಿದಂತೆ. ಹಂಪ್‌ನೋಸ್ಡ್ ಪಿಟ್ ವೈಪರ್ ಎಂದು ಪುಸ್ತಕಗಳಲ್ಲಿರುವುದು ಇದೇ. ನೋಡುವವರಿಗೆ ಗರಗಸಮಂಡಲ ಅಥವಾ ಕೊಳಕುಮಂಡಲದ ಮರಿಯಂತೆ ಕಾಣುತ್ತದೆ. ರಕ್ತವನ್ನೂ ಕೆಡಿಸುತ್ತದೆ, ಕಿಡ್ನಿಯನ್ನೂ ಕೆಡಿಸುತ್ತದೆ. ಆದರೆ ನಮ್ಮ ಎಎಸ್‌ವಿ ತಯಾರಿಕೆಗೆ ಬಳಸುವ ನಾಲ್ಕು ವಿಷಗಳಲ್ಲಿ ಇದರದ್ದಿಲ್ಲ, ಆ ಔಷಧ ಇದಕ್ಕೆ ನಾಟುವುದಿಲ್ಲ. ಫೋಟೊದಲ್ಲಿ ಮೂತಿ ಹಾಗೆ ಕಂಡರೆ, ಅಥವಾ ಘಟ್ಟದ ರೋಗಿಗೆ ಸರಿಯಾದ ಡೋಸ್ ಕೊಟ್ಟೂ ರಕ್ತ ಸರಿಹೋಗದಿದ್ದರೆ, ಎಎಸ್‌ವಿ ಸುರಿಯುತ್ತಾ ಹೋಗದೆ ಪ್ಲಾಸ್ಮಾ, ಡಯಾಲಿಸಿಸ್ ಎರಡೂ ಇರುವ ಕಡೆಗೆ ಬೇಗ ಕಳಿಸಿ. ಬಯಲುಸೀಮೆಯಲ್ಲಿ ಈ ಅನುಮಾನಕ್ಕೆ ಜಾಗವಿಲ್ಲ.

ರೆಪ್ಪೆ ಇಳಿದಿದೆ, ಎಎಸ್‌ವಿ ಕೊಟ್ಟರೂ ಏಳುತ್ತಿಲ್ಲ

ನಾಗರಹಾವಿನ ವಿಷ ಸ್ನಾಯುವಿನ ಕಡೆಯ ಬೀಗಕ್ಕೆ ಸುಳ್ಳು ಕೀಲಿಯಂತೆ ಸಿಕ್ಕಿಕೊಳ್ಳುತ್ತದೆ, ತೆಗೆಯಬಹುದು. ಕಟ್ಟುಹಾವಿನದು ನರದ ತುದಿಯನ್ನೇ ಹಾಳು ಮಾಡುತ್ತದೆ; ಅದು ಮತ್ತೆ ಚಿಗುರಬೇಕು, ದಿನಗಳೇ ಬೇಕು. ಈ ವ್ಯತ್ಯಾಸವನ್ನು ಹಾಸಿಗೆಯ ಪಕ್ಕದಲ್ಲೇ ಪತ್ತೆ ಮಾಡಬಹುದು.

ಮೊದಲು ಅಳತೆ ಬರೆದಿಡಿ: ಮೇಲೆ ನೋಡಲು ಹೇಳಿ ಎರಡು ರೆಪ್ಪೆಗಳ ನಡುವಿನ ಅಂತರ ಎಷ್ಟು ಮಿ.ಮೀ., ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ, ದಿಂಬಿನಿಂದ ತಲೆ ಎತ್ತುತ್ತಾರೆಯೇ. ಅಟ್ರೋಪಿನ್ 0.6 ಮಿ.ಗ್ರಾಂ. ಐವಿ ಕೊಟ್ಟು, ಅದರ ಹಿಂದೆಯೇ ನರದಿಂದ ಸ್ನಾಯುವಿಗೆ ಹೋಗುವ ಸಂದೇಶಕ್ಕೆ ಬಲ ಕೊಡುವ ನಿಯೋಸ್ಟಿಗ್ಮಿನ್ 1.5 ಮಿ.ಗ್ರಾಂ. ಕೊಡಿ. ಮಕ್ಕಳಿಗೆ ಅಟ್ರೋಪಿನ್ ಕೆ.ಜಿ.ಗೆ 0.05, ನಿಯೋಸ್ಟಿಗ್ಮಿನ್ 0.04 ಮಿ.ಗ್ರಾಂ. ನಿಯೋಸ್ಟಿಗ್ಮಿನ್ ಆಂಪೂಲ್ 1 ಮಿ.ಲೀ.ಯದೂ ಇದೆ, 5 ಮಿ.ಲೀ.ಯದೂ ಇದೆ, ‘ಒಂದು ಆಂಪೂಲ್’ ಎಂದು ಬಾಯಲ್ಲಿ ಹೇಳದೆ ಮಿ.ಗ್ರಾಂ. ಹೇಳಿ. ಅರ್ಧ ಗಂಟೆಗೆ ಮತ್ತೆ ಅಳೆಯಿರಿ. ರೆಪ್ಪೆ ಏರಿದ್ದರೆ ಅರ್ಧ ಗಂಟೆಗೊಮ್ಮೆ ನಿಯೋಸ್ಟಿಗ್ಮಿನ್ 0.5 ಮಿ.ಗ್ರಾಂ. ಮುಂದುವರಿಸಿ, ನಾಗರಹಾವಿನ ರೋಗಿಗಳು ಕೆಲವೊಮ್ಮೆ ಕಣ್ಣೆದುರೇ ಎದ್ದು ಕೂರುತ್ತಾರೆ. ಮೂರು ಡೋಸಿಗೂ ಅಳತೆ ಅಲುಗದಿದ್ದರೆ ಹೆಚ್ಚಾಗಿ ಕಟ್ಟುಹಾವು, ನಿಲ್ಲಿಸಿ. ಕೊಟ್ಟಷ್ಟೂ ಜೊಲ್ಲು ಕಫ ಹೆಚ್ಚಿ ಉಸಿರಿಗೇ ಅಡ್ಡಿ.

ಔಷಧವಿಲ್ಲದ ಕಡೆ ಐಸ್ ನೆರವಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ತುಂಡನ್ನು ಮುಚ್ಚಿದ ಒಂದು ಕಣ್ಣಿನ ಮೇಲೆ ಎರಡು ನಿಮಿಷ ಇಟ್ಟು ತೆಗೆಯಿರಿ. ಆ ರೆಪ್ಪೆ ಇನ್ನೊಂದಕ್ಕಿಂತ ಮೇಲೆದ್ದರೆ ನಿಯೋಸ್ಟಿಗ್ಮಿನ್ ಕೆಲಸ ಮಾಡುವ ಸಂಭವ ಹೆಚ್ಚು.

ಎಎಸ್‌ವಿಯ ಮಟ್ಟಿಗೆ, ಒಂದೆರಡು ಗಂಟೆಯಲ್ಲಿ ಲಕ್ಷಣ ಹೆಚ್ಚುತ್ತಲೇ ಇದ್ದರೆ ಎರಡನೆಯ 10 ವಯಲ್. ಒಟ್ಟು 20ಕ್ಕೆ ಅಲ್ಲಿಗೆ ಮುಗಿಯಿತು. ಆಮೇಲೆ ರೋಗಿಯನ್ನು ಉಳಿಸುವುದು ಗಾಳಿ. ಎಣಿಕೆ ಮೂವತ್ತರಿಂದ ಇಪ್ಪತ್ತು, ಹದಿನೈದು ಎಂದು ಇಳಿಯುತ್ತಿದ್ದರೆ, ಎಂಜಲು ನುಂಗಲಾಗದೆ ಬಾಯಲ್ಲಿ ತುಂಬುತ್ತಿದ್ದರೆ ಆಕ್ಸಿಜನ್ ಅಂಕಿ ಬೀಳುವವರೆಗೆ ಕಾಯದೆ ಶ್ವಾಸನಾಳಕ್ಕೆ ಟ್ಯೂಬ್ ಹಾಕಿ. ಆಕ್ಸಿಮೀಟರ್ 96 ತೋರಿಸುತ್ತಿದೆ ಎಂದು ನೆಮ್ಮದಿಯಿಂದಿರುವಾಗಲೇ ಇಂಗಾಲದ ಡೈಆಕ್ಸೈಡ್ ಏರುತ್ತಿರುತ್ತದೆ.

ಇಷ್ಟೆಲ್ಲ ಮಾಡಿ ವೆಂಟಿಲೇಟರ್‌ನಲ್ಲಿದ್ದ ಕಟ್ಟುಹಾವಿನ ರೋಗಿಯ ಕಣ್ಣಿನ ಪಾಪೆ ಹಿಗ್ಗಿ, ಬೆಳಕಿಗೆ ಅಲುಗದೆ, ಕೈಕಾಲು ಚಿವುಟಿದರೂ ಮಿಡುಕದೆ ಇರಬಹುದು. ಮೆದುಳು ಸತ್ತಿದೆ ಎಂದು ಮನೆಯವರಿಗೆ ಹೇಳಿಬಿಟ್ಟ ಪ್ರಸಂಗಗಳಿವೆ. ಪಾಪೆಯ ಸ್ನಾಯುವೂ ಸ್ನಾಯುವೇ, ಅದಕ್ಕೂ ವಿಷ ತಗಲಿದೆ. ರೋಗಿಗೆ ಎಲ್ಲ ಕೇಳಿಸುತ್ತಿರಬಹುದು. ‘ಕಾಲಿನ ಬೆರಳು ಅಲುಗಿಸಿ, ಹುಬ್ಬು ಏರಿಸಿ’ ಎಂದು ಹೇಳಿ, ಚೂರು ಮಿಡಿತಕ್ಕೂ ಕಾಯಿರಿ. ಹಾಸಿಗೆಯ ಬಳಿ ಆಡುವ ಮಾತಿನ ಮೇಲೆ ನಿಗಾ ಇರಲಿ. ಕಣ್ಣು ಮುಚ್ಚದ ಕಾರಣ ಒಣಗಿ ಹುಣ್ಣಾಗುತ್ತದೆ, ಮುಲಾಮು ಹಚ್ಚಿ ಟೇಪ್ ಹಾಕಿ.

ರೆಪ್ಪೆಯೂ ಇಳಿದಿದೆ, ರಕ್ತವೂ ಹರಿಯುತ್ತಿದೆ ಎಂದಾದರೆ ಗಲಿಬಿಲಿ ಬೇಡ. ದಕ್ಷಿಣ ಭಾರತದ ಕೊಳಕುಮಂಡಲ ಕೆಲವೊಮ್ಮೆ ಎರಡನ್ನೂ ಮಾಡುತ್ತದೆ.

ಬಾವು ಹೆಚ್ಚುತ್ತಲೇ ಇದೆ

ವಿಷ ನಿಷ್ಕ್ರಿಯವಾದ ಮೇಲೂ ಬಾವು ಒಂದೆರಡು ದಿನ ಏರುವುದುಂಟು, ಈಗಾಗಲೇ ಹಾಳಾದ ಅಂಗಾಂಶ ಊದುವುದನ್ನು ಎಎಸ್‌ವಿ ತಡೆಯಲಾರದು. ರಕ್ತ ಗಟ್ಟಿಯಾಗುತ್ತಿದ್ದರೆ ಬಾವಿನ ಕಾರಣಕ್ಕೆ ವಯಲ್ ಮೇಲೆ ವಯಲ್ ಹಾಕಬೇಡಿ. ಕಾಲನ್ನು ತುಸು ಎತ್ತರದಲ್ಲಿಡಿ, ಅಂಚನ್ನು ಪೆನ್ನಿನಿಂದ ಗುರುತು ಮಾಡಿ ಹೊತ್ತು ಬರೆಯಿರಿ. ಚರ್ಮ ಬಿಗಿದು ತಣ್ಣಗಾಗಿ, ಬೆರಳನ್ನು ಮೆಲ್ಲಗೆ ಹಿಗ್ಗಿಸಿದರೂ ಚೀರುವಷ್ಟು ನೋವಿದ್ದರೆ ಸ್ನಾಯುಗಳನ್ನು ಸುತ್ತಿದ ಪೊರೆಯೊಳಗೆ ಒತ್ತಡ ಏರಿದೆ (ಕಂಪಾರ್ಟ್‌ಮೆಂಟ್ ಸಿಂಡ್ರೋಮ್) ಎಂಬ ಅನುಮಾನ ಬರುವುದು ಸಹಜ. ಆದರೆ ಬರಿಗಣ್ಣಿಗೆ ವಿಷದ ಬಾವೂ ಹಾಗೆಯೇ ಕಾಣುತ್ತದೆ. ಒತ್ತಡ ಅಳೆದು 40 ಎಂಎಂ ಪಾದರಸ ದಾಟಿದ್ದು ಖಚಿತವಾಗದೆ, ರಕ್ತ ಹೆಪ್ಪುಗಟ್ಟುವ ಸ್ಥಿತಿಗೆ ಬರದೆ ಚಾಕು ಹಾಕಿದರೆ ರೋಗಿ ಗಾಯದಿಂದಲೇ ರಕ್ತ ಸೋರಿ ಸಾಯಬಹುದು. ಆ್ಯಂಟಿಬಯಾಟಿಕ್ ಕೊಳೆತ ಅಥವಾ ಕೀವು ಕಂಡರೆ ಮಾತ್ರ.

ಮೂತ್ರ ಕಡಿಮೆಯಾಗಿದೆ

ಕೊಳಕುಮಂಡಲದ ರೋಗಿ ರಕ್ತ ಸರಿಹೋಯಿತೆಂದು ಎಲ್ಲರೂ ನಿರಾಳವಾದ ಮೇಲೆ ಕಿಡ್ನಿ ಸೋತು ಸಾಯುವುದುಂಟು. ದಾಖಲಾದ ಗಂಟೆಯಿಂದಲೇ ಮೂತ್ರ ಅಳೆಯಿರಿ. ಗಂಟೆಗೆ ಕೆ.ಜಿ.ಗೆ 0.5 ಮಿ.ಲೀ.ಗಿಂತ ಇಳಿದರೆ, ಇಡೀ ದಿನಕ್ಕೆ 400 ಮಿ.ಲೀ. ದಾಟದಿದ್ದರೆ, ಬಣ್ಣ ಕರಿಕಾಫಿಯಂತಾದರೆ ಡಯಾಲಿಸಿಸ್ ಇರುವ ಆಸ್ಪತ್ರೆಗೆ ಮಾತಾಡಿ. ಫ್ರುಸೆಮೈಡ್ ಚುಚ್ಚಿ ಮೂತ್ರ ಬರಿಸಿದರೆ ಚೀಟಿಯ ಮೇಲೆ ಅಂಕಿ ಚೆನ್ನಾಗಿ ಕಾಣುತ್ತದೆ, ಕಿಡ್ನಿಗೆ ಉಪಕಾರವಾಗುವುದಿಲ್ಲ. ಕೆನ್ನೆಯ ಪಕ್ಕದ ಗ್ರಂಥಿ, ಕಣ್ಣಿನ ಬಿಳಿಭಾಗ ಊದಿಕೊಂಡು ಬಿಪಿ ಕುಸಿಯುತ್ತಿದ್ದರೆ ರಕ್ತನಾಳಗಳಿಂದ ನೀರು ಸೋರುತ್ತಿದೆ ಎಂದರ್ಥ. ಇವರಿಗೆ ಪಿಎಚ್‌ಸಿ ಜಾಗವಲ್ಲ.

ರೆಫರ್ ಮಾಡುವಾಗ

ಎಎಸ್‌ವಿಯ ಮೊದಲ ಡೋಸ್ ಇಲ್ಲೇ ಕೊಟ್ಟು ಕಳಿಸಿ. ‘ಅಲ್ಲಿ ಕೊಡುತ್ತಾರೆ’ ಎನ್ನುವ ಎರಡು ಗಂಟೆಯ ದಾರಿಯಲ್ಲಿ ವಿಷ ನಿಲ್ಲುವುದಿಲ್ಲ. ರೆಪ್ಪೆ ಇಳಿದ ರೋಗಿಯ ಜತೆ ಆಂಬು ಬ್ಯಾಗ್ ಒತ್ತಲು ಬಲ್ಲವರು ಇಬ್ಬರಿರಲಿ, ಒಬ್ಬರ ಕೈ ಸೋಲುತ್ತದೆ. ಐದಾರು ಸೆಕೆಂಡಿಗೊಂದು ಉಸಿರು, ಎದೆ ಏರುವಷ್ಟು ಮಾತ್ರ. ಗಾಬರಿಯಲ್ಲಿ ಜೋರಾಗಿ ಬೇಗ ಒತ್ತಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ಚೀಟಿಯಲ್ಲಿ ಕಡಿದ ಹೊತ್ತು, ಪ್ರತಿ ಕೊಳವೆ ಪರೀಕ್ಷೆಯ ಹೊತ್ತು ಮತ್ತು ಫಲ, ಕೊಟ್ಟ ವಯಲ್ ಸಂಖ್ಯೆ ಮತ್ತು ಮುಗಿದ ಹೊತ್ತು, ಬ್ಯಾಚ್ ಸಂಖ್ಯೆ, ಅಲರ್ಜಿ ಆಯಿತೇ ಎಂಬುದು ಇರಬೇಕು. ಮುಗಿದ ಹೊತ್ತು ಬರೆಯದಿದ್ದರೆ ಅಲ್ಲಿಯವರಿಗೆ ಆರು ಗಂಟೆಯ ಲೆಕ್ಕ ಸಿಗದೆ ಮತ್ತೆ ಹತ್ತು ವಯಲ್ ಹಾಕುತ್ತಾರೆ.

ಕರ್ನಾಟಕದಲ್ಲಿ 2024ರ ಫೆಬ್ರುವರಿಯಿಂದ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ. ವಿಷವೇರದ ಕಡಿತವಾದರೂ ದಾಖಲಿಸಿ. ಮನೆಗೆ ಕಳಿಸುವಾಗ ಒಂದು ಮಾತು ಹೇಳಿ: ವಾರದ ಆಸುಪಾಸಿನಲ್ಲಿ ಜ್ವರ, ಕೀಲುನೋವು, ಮೈಮೇಲೆ ದದ್ದು ಕಂಡರೆ ಅದು ಹಾವಿನ ವಿಷ ಮರುಕಳಿಸಿದ್ದಲ್ಲ, ಎಎಸ್‌ವಿಯಿಂದ ಬರುವ ಸೀರಮ್ ಕಾಯಿಲೆ. ನಾಟಿ ವೈದ್ಯರ ಬಳಿ ಹೋಗದೆ ಅದೇ ಡಿಸ್‌ಚಾರ್ಜ್ ಚೀಟಿ ಹಿಡಿದು ವಾಪಸ್ ಬರಲಿ, ಐದಾರು ದಿನದ ಮಾತ್ರೆಗೆ ಇಳಿಯುತ್ತದೆ.